ಕಾಳಿ ಮಾಡಿದ ಕಿರಿದು ರೈಲು

ನಮ್ಮೂರಿಗೆ ದೊಡ್ಡದು ಏನೇ ಬರಬೇಕಾದರೂ ಮೊದಲು ಅದರ ಚಿಕ್ಕದು ಆಗಬೇಕು. ಅದಕ್ಕೆ ನಾವು ಕಿರಿದು ಎನ್ನುತ್ತೇವೆ. ಬಾವಿ ಬೇಕೆಂದರೆ ಬಟ್ಟಲಿನಷ್ಟು ಬಾವಿ ಮಾಡಿ, ಊರವರ ಎದುರು ಅದಕ್ಕೊಂದು ಪುಟ್ಟ ಕೊಡ ಇಳಿಸಿ ಎತ್ತಿ ತೋರಿಸಬೇಕು. ಬೆಳಗಾದರೆ ಬೀದಿಯ ಕೊನೆಯಲ್ಲಿ ಬಾವಿ ಇರುತ್ತದೆ. ಸೇತುವೆ ಬೇಕೆಂದರೆ ಮೊಳದುದ್ದದ ಸೇತುವೆ ಮಾಡಿ, ಅದರ ಮೇಲೆ ಒಂದು ಗೊದ್ದ ಇರುವೆಯನ್ನಾದರೂ ಈ ದಡದಿಂದ ಆ ದಡಕ್ಕೆ ದಾಟಿಸಬೇಕು. ಕಿರಿದಿನ ಗೊಡವೆಯೇ ಬೇಡ ಎಂದು ನೇರವಾಗಿ ಹಿರಿದನ್ನೇ ಕಟ್ಟಲು ಹೊರಟವರೂ ಇದ್ದಾರೆ. ಗೋಡೆ ಎದೆಮಟ್ಟಕ್ಕೆ ಏಳುವುದರೊಳಗೆ ಅವರಿಗೇ ಬೇಸರ ಬಂದು ಕರಣೆ ಬಿಸಾಕಿ ಮನೆಗೆ ಹೋಗಿ ಮಲಗಿದ್ದಾರೆ.

ಇದರಲ್ಲಿ ಕಷ್ಟವೂ ಉಂಟು. ಕಿರಿದಿನಲ್ಲಿ ಏನು ಮರೆತಿರೋ ಹಿರಿದರಲ್ಲೂ ಅದು ಇರುವುದಿಲ್ಲ. ನಮ್ಮೂರ ಶಾಲೆಗೆ ಕಕ್ಕಸಿಲ್ಲ. ಆ ಶಾಲೆಯ ಕಿರಿದು ಮಾಡಿದವರು ಬೇರೆ ಯಾರೂ ಅಲ್ಲ, ನಮ್ಮವರೇ, ಅಂದರೆ ನನ್ನ ಗಂಡ ಅಕ್ಕಸಾಲಿ ಮಾನಾಚಾರಿ. "ಗಂಟೆ ಮಾಡ್ದೆ, ಬಾವುಟದ ಕಂಬ ಮಾಡ್ದೆ, ಹೆಂಚು ಒಂದೊಂದಾಗಿ ಹೊದಿಸ್ದೆ, ಅದ್ಯಾರೂ ಹೇಳಲ್ಲ" ಎಂದು ಇವತ್ತಿಗೂ ಗೊಣಗುತ್ತಾರೆ. ಮಕ್ಕಳು ಮಾತ್ರ ಬೇಲಿ ಹಾರಿ ಓಡುತ್ತವೆ. ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಒಂದು ವಸ್ತುವಿಗೆ ಒಂದೇ ಕಿರಿದು, ಅದಕ್ಕೆ ಒಂದೇ ಅವಕಾಶ. ಊರೆದುರು ನಡೆಸಿ ತೋರಿಸುವ ದಿನ ಅದು ನಡೆಯದಿದ್ದರೆ ಆ ವಸ್ತು ಮತ್ತೆಂದೂ ನಮ್ಮೂರ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಹಿಟ್ಟಿನ ಗಿರಣಿಯ ಕಿರಿದು ಹಾಗೆ ಎಲ್ಲರೆದುರು ಕೆಮ್ಮಿ ನಿಂತುಹೋಯಿತು. ಅದಕ್ಕೇ ನಮ್ಮೂರ ಹೆಂಗಸರು ಈಗಲೂ ಬೀಸುವ ಕಲ್ಲಿನ ಮುಂದೆ ಕೂತು ರಾಗಿ ಬೀಸುತ್ತೇವೆ.

ರೈಲಿನ ವಿಷಯಕ್ಕೆ ಬರುತ್ತೇನೆ. ಹಳಿ ನಮ್ಮ ಅಜ್ಜಂದಿರ ಕಾಲದಲ್ಲೇ ಬಂದಿತ್ತು. ನಿಲ್ದಾಣ ಬಂದಿತ್ತು, ಟಿಕೆಟ್ಟು ಕೊಡುವ ಕಿಂಡಿ ಬಂದಿತ್ತು, ಕೂರಲು ಕಲ್ಲುಬೆಂಚು ಬಂದಿತ್ತು. ಎಂಜಿನ್ನು ಒಂದು ಬರಲಿಲ್ಲ. ಅದನ್ನು ಕಿರಿದು ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಹಳಿ ಊರು ಬಿಟ್ಟು ಗುಡ್ಡದ ಸಂದಿಯಲ್ಲಿ ಮರೆಯಾಗುತ್ತದೆ. ಅದರ ಜಾಡು ಹಿಡಿದು ನಡೆದವರೆಲ್ಲ ಅರ್ಧ ದಾರಿಗೇ ಬೇಸರಪಟ್ಟು ಹಿಂತಿರುಗಿದ್ದಾರೆ. ಹಾಗಾಗಿ ಸಂಜೆ ಹೊತ್ತು ಊರವರು ಪ್ಲಾಟ್‌ಫಾರ್ಮಿಗೆ ಹೋಗಿ, ನಾವು ಹೆಂಗಸರು ಅಲ್ಲಿ ಒಣಹಾಕಿದ ಸಂಡಿಗೆ ಹಪ್ಪಳಗಳ ನಡುವೆ ಜಾಗ ಮಾಡಿಕೊಂಡು ಕೂತು, ಗುಡ್ಡದ ಕಡೆ ನೋಡಿ ಮನೆಗೆ ಬರುತ್ತಿದ್ದರು.

ಊರ ಯಜಮಾನರು ಗುರುಪಾದಯ್ಯ. ಅವರು ಎಲ್ಲೆಲ್ಲಿಗೋ ಬರೆದು, ಟಪಾಲಿನಲ್ಲಿ ಒಂದು ಪೆಟ್ಟಿಗೆ ತರಿಸಿದರು. ಹಬೆ ಎಂಜಿನ್ನಿನ ಕಿಟ್ಟು. ಪೆಟ್ಟಿಗೆಯ ಮೇಲೆ ಎಂಜಿನ್ನಿನ ಚಿತ್ರ, ಒಳಗೆ ಎಂಜಿನ್ನು ಇಲ್ಲ. ಹಪ್ಪಳದಷ್ಟು ತೆಳ್ಳಗಿನ ಹಿತ್ತಾಳೆ ತಗಡುಗಳು, ತಗಡಿನಲ್ಲಿ ಅರೆಬರೆ ಕೊರೆದು ಬಿಟ್ಟ ಭಾಗಗಳು, ಗಾಲಿಗಳು, ಹೆಬ್ಬೆರಳಿನಷ್ಟು ಒಂದು ಮೋಟರು, ಪೊಟ್ಟಣದಲ್ಲಿ ಎಳ್ಳಿನಷ್ಟು ತಿರುಪುಗಳು. ಜೊತೆಗೆ ನಮಗೆ ಓದಲು ಬಾರದ ಲಿಪಿಯ ಒಂದು ಹಾಳೆ. ಅದನ್ನೆಲ್ಲ ತಂದು ನಮ್ಮ ಜಗಲಿಯ ಮೇಲಿಟ್ಟು, "ಮಾನಾಚಾರಿ, ಊರಿನ ಮಾನ ನಿನ್ನ ಕೈಲಿದೆ" ಎಂದರು. ನಮ್ಮವರು ಪೆಟ್ಟಿಗೆ ತೆರೆದು ನೋಡಿ, ಮುಚ್ಚಿ, ಅಟ್ಟಕ್ಕೆ ಹಾಕಿದರು. ಕೇಳಿದವರಿಗೆ "ಒಳ್ಳೆ ಗಳಿಗೆ ಬರ್ಲಿ" ಎನ್ನುತ್ತಿದ್ದರು. ಗಳಿಗೆಗೆ ಏನೂ ಆಗಿರಲಿಲ್ಲ. ಶಾಲೆಯ ಕಕ್ಕಸು ಅವರ ತಲೆಯಲ್ಲಿ ಕೂತಿತ್ತು.

ನಮ್ಮವರ ತಂಗಿ ಕಾಳಿಕಾಂಬೆ ನಮ್ಮ ಜೊತೆಯಲ್ಲೇ ಇದ್ದಳು. ಎಲ್ಲರೂ ಕಾಳಿ ಎಂದೇ ಕರೆಯುತ್ತಿದ್ದರು. ಕಡ್ಡಿ ಮುರಿದಂತೆ ಮಾತು, ಮದುವೆಯ ಪ್ರಸ್ತಾಪ ಬಂದರೆ ಎದ್ದು ಹಿತ್ತಲಿಗೆ ಹೋಗುವ ಜಾತಿ. ನಮ್ಮ ಅಕ್ಕಸಾಲಿ ಮನೆಗಳಲ್ಲಿ ಹೆಣ್ಣುಮಕ್ಕಳು ಅಡಿಗೆ ಒಲೆಯ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಕಸುಬಿನ ಅಗ್ಗಿಷ್ಟಿಕೆಯ ಮುಂದೆ ಕೂರುವ ಹಾಗಿಲ್ಲ. ಕಾಳಿ ಅಡಿಗೆ ಒಲೆಯಲ್ಲೇ ಕೆಂಡ ಮಾಡಿಕೊಂಡು, ಊರ ಹೆಂಗಸರ ಮುರಿದ ಮೂಗುತಿ, ಕಾಲ್ಗೆಜ್ಜೆಗಳಿಗೆ ಸದ್ದಿಲ್ಲದೆ ಬೆಸುಗೆ ಹಾಕಿಕೊಡುತ್ತಿದ್ದಳು. ನಾನು ಸಾರು ಇಳಿಸಿ ಅವಳಿಗೆ ಒಲೆ ಬಿಟ್ಟುಕೊಡುತ್ತಿದ್ದೆ.

ಒಂದು ಮಧ್ಯಾಹ್ನ ಅವಳು, "ಅತ್ತಿಗೆ, ಅಟ್ಟದ ಪೆಟ್ಟಿಗೆ ಇಳಿಸ್ಲಾ?" ಎಂದಳು.

"ಇಳಿಸಿದ್ರೆ ನಿಮ್ಮಣ್ಣ ನನ್ನನ್ನ ಕೇಳ್ತಾರೆ."

"ನಂಗೊತ್ತಿಲ್ಲ ಅನ್ನು."

"ನಂಗೊತ್ತಿಲ್ದೆ ಈ ಮನೇಲಿ ಬೆಕ್ಕೂ ಹಾಲು ಕುಡಿಯಲ್ಲ ಅಂತ ಅವ್ರಿಗೆ ಗೊತ್ತು ಕಣೆ" ಎಂದೆ. ಆದರೂ ಏಣಿ ಹಿಡಿದದ್ದು ನಾನೇ.

ಅವಳು ಮೊದಲು ಮಾಡಿದ್ದು ಎಂಜಿನ್ನಿನ ತಳಪಾಯ. ಹಾಳೆಯಲ್ಲಿದ್ದ ಚಿತ್ರ ನೋಡಿಕೊಂಡು ತಗಡಿನಿಂದ ಭಾಗಗಳನ್ನು ಬಿಡಿಸಿ, ಅರದಲ್ಲಿ ಅಂಚು ಉಜ್ಜಿ, ಮಡಿಸುವಲ್ಲಿ ಮಡಿಸಿ, ಬಿಳಿಗಾರ ಸವರಿ ಬೆಸುಗೆ ಹಾಕಿದಳು. ಬಾಯ್ಲರಿನ ತಗಡು ದುಂಡಗೆ ಸುತ್ತಲು ನನ್ನ ಲಟ್ಟಣಿಗೆ ಹೋಯಿತು. ಆಮೇಲಿಂದ ನಮ್ಮ ಮನೆಯ ಚಪಾತಿಗೆಲ್ಲ ಹಿತ್ತಾಳೆಯ ಒಗರು. ನಮ್ಮವರಿಗೆ ಗೊತ್ತಾದದ್ದು ತಳಪಾಯವನ್ನು ಕನ್ನಡಿಯ ಮೇಲಿಟ್ಟು ಅದು ಸಮ ಕೂತಿದೆಯೇ ಎಂದು ಕಾಳಿ ಪರೀಕ್ಷೆ ಮಾಡುತ್ತಿದ್ದಾಗ. ಅವರು ಬಾಗಿಲಲ್ಲೇ ನಿಂತರು. ಒಳಗೆ ಬಂದು ಅದನ್ನು ಎತ್ತಿಕೊಂಡು, ಕಣ್ಣಿಗೆ ಭೂತಗನ್ನಡಿ ಏರಿಸಿ, ಒಂದೊಂದು ಬೆಸುಗೆಯನ್ನೂ ತಪ್ಪು ಹುಡುಕುವ ಹುರುಪಿನಲ್ಲೇ ನೋಡಿದರು. ಸಿಗಲಿಲ್ಲ. ಎದ್ದುಹೋದರು. ಸ್ವಲ್ಪ ಹೊತ್ತಿಗೆ ತಮ್ಮ ಊದುಗೊಳವೆ ತಂದು ಅವಳ ಪಕ್ಕ ಇಟ್ಟು, "ನಂದು ತಗೋ. ನಿಂದ್ರಲ್ಲಿ ಗಾಳಿ ಸೋರುತ್ತೆ" ಎಂದರು. ಅಷ್ಟೇ ಮಾತು. ಅವತ್ತು ನನ್ನ ಗಂಡನ ಮೇಲೆ ನನಗೆ ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಊರಲ್ಲಿ ಗುಟ್ಟು ನಿಲ್ಲುತ್ತದೆಯೇ? ಗುರುಪಾದಯ್ಯ ಬಂದರು. ಜಗಲಿಯಲ್ಲಿ ಕೂತು, ಕಾಳಿ ಎದುರಿಗಿದ್ದರೂ ನಮ್ಮವರ ಕಡೆಗೇ ತಿರುಗಿ ಹೇಳಿದರು. "ನೋಡು ಮಾನಾಚಾರಿ, ಇದು ಮೂಗುತಿ ಅಲ್ಲ. ನಡೆದ್ರೆ ಸರಿ. ನಡೀಲಿಲ್ಲ ಅಂದ್ರೆ ಈ ಊರಿಗೆ ರೈಲಿಲ್ಲ. ಈ ಹುಡುಗಿ ಇನ್ನು ಇಕ್ಕಳ ಮುಟ್ಟೋ ಹಾಗೂ ಇಲ್ಲ, ಮೂಗುತಿಗೂ ಸಹ."

ನಮ್ಮವರು ತಂಗಿಯ ಮುಖ ನೋಡಿದರು. "ಆಗ್ಲಿ" ಎಂದಳು ಕಾಳಿ. ಇಕ್ಕಳ ಬಿಟ್ಟರೆ ಅವಳಿಗೆ ಈ ಭೂಮಿಯ ಮೇಲೆ ಬೇರೇನೂ ಬೇಕಿಲ್ಲ ಎಂಬುದು ನನಗೆ ಗೊತ್ತಿತ್ತು. ಅವಳು ಹಾಗೆ ತಣ್ಣಗೆ ಆಗಲಿ ಎಂದದ್ದು ಕೇಳಿ ನನಗೇ ಅಳು ಬಂತು.

ಅಲ್ಲಿಂದ ನಮ್ಮ ಮನೆ ಛತ್ರವಾಯಿತು. ಮರೆತದ್ದು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಲ್ಲ, ಒಬ್ಬೊಬ್ಬರೂ ಒಂದೊಂದು ನೆನಪಿಸಲು ಬಂದರು. ಒಬ್ಬರು ಸೀಟಿ ಜೋರಾಗಿರಲಿ ಎಂದರು. ಇನ್ನೊಬ್ಬರು ಮುಂದಿನ ದೀಪ ಗುಡ್ಡದವರೆಗೂ ಬೀಳಬೇಕೆಂದರು. ಕಾಳಿ ಯಾರಿಗೂ ಇಲ್ಲ ಎನ್ನಲಿಲ್ಲ, ಯಾರಿಗೂ ಹೂಂ ಎನ್ನಲೂ ಇಲ್ಲ. ತಗಡಿನ ಹಿಂಬದಿಯಿಂದ ಸೂಜಿ ಒತ್ತಿ ಒತ್ತಿ ಸಾಲುಸಾಲು ಮೊಳೆತಲೆ ಎಬ್ಬಿಸಿದಳು. ಬಾಯ್ಲರಿನ ಪಕ್ಕಕ್ಕೆ ಹಿಡಿಗಂಬಿ ಕೂರಿಸಿದಳು. ಓಡಿಸುವವರ ಕೋಣೆಯಲ್ಲಿ ಜೀರಿಗೆಯಷ್ಟಷ್ಟೇ ಹಿಡಿಕೆಗಳು, ಅವುಗಳಿಂದ ಹೊರಟ ಕೂದಲೆಳೆಯಂಥ ಕೊಳವೆಗಳು. ಯಾವ ಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ಚಿತ್ರದಲ್ಲಿ ಬೆರಳಿಟ್ಟು ಹುಡುಕಿ, ಬಾಯಿಪಾಠ ಮಾಡಿಕೊಂಡು ಒಂದೊಂದನ್ನೇ ಜೋಡಿಸಿದಳು. ಬೆಂಕಿಗೂಡಿನ ಒಳಗೆ ಕೆಂಪು ಬಳಿದಳು, ಎಂಜಿನ್ನು ಬಂದಾಗ ಬೆಂಕಿ ಹತ್ತಿರಲಿ ಎಂದು. ಇದ್ದಿಲು ಕುಟ್ಟಿ ಅಂಟು ಹಾಕಿ ಹಿಂದಿನ ತೊಟ್ಟಿಗೆ ತುಂಬಿದಳು. ನಾನು ಕೇಳಿದ್ದು ಒಂದೇ. "ಮೆಟ್ಟಿಲು ಎತ್ತರ ಆಯ್ತು ಕಣೆ. ಸೀರೆ ಉಟ್ಕೊಂಡು ಹತ್ತೋರು ಏನ್ಮಾಡ್ಬೇಕು?" ಅವಳು ಉಳಿದ ಚೂರು ತಗಡಿನಲ್ಲಿ ಕೆಳಗೊಂದು ಮೆಟ್ಟಿಲು ಹೆಚ್ಚಿಗೆ ಬೆಸೆದಳು.

ಮೋಟರಿನಿಂದ ಓಡುವ ಕಿರಿದಿಗೆ ಹಬೆಯ ಹಿರಿದು ಹೇಗೆ ಬರುತ್ತದೆ ಎಂದು ನೀವು ಕೇಳಬಹುದು. ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ಬಟ್ಟಲಿನ ಬಾವಿಯಲ್ಲಿ ನೀರಿನ ಊಟೆ ಇತ್ತೇ?

ಪೊಟ್ಟಣದ ತಳದಲ್ಲಿ ಸೀಸದ ಒಂದು ಗೊಂಬೆಯೂ ಇತ್ತು, ಹ್ಯಾಟು ಹಾಕಿದ ಡ್ರೈವರು. ಅದರಿಂದ ದೊಡ್ಡ ರಂಪವಾಯಿತು. ಮನುಷ್ಯರ ಕಿರಿದು ಮಾಡುವ ರೂಢಿ ನಮ್ಮಲ್ಲಿ ಈಗ ಇಲ್ಲ. ಹಿಂದೆ ಒಬ್ಬರು ಒಳ್ಳೆಯ ಅಳಿಯ ಬೇಕೆಂದು ಮೇಣದಲ್ಲಿ ಅಳಿಯನನ್ನು ಮಾಡಿ, ಎಲೆ ಹಾಕಿ ಕೂರಿಸಿ ಊಟ ಮಾಡಿಸಿ ತೋರಿಸಿದ್ದರು. ಬೆಳಿಗ್ಗೆ ಬಂದ ಅಳಿಯ ಸಾಯುವವರೆಗೂ ಊಟವೊಂದನ್ನೇ ಮಾಡಿದ. ಆದರೂ ಗುರುಪಾದಯ್ಯ ಪಟ್ಟು ಹಿಡಿದರು. "ಈ ಗೊಂಬೆ ಕೂರ್ಸು. ಇಲ್ದಿದ್ರೆ ಓಡ್ಸೋರು ಯಾರು?"

ಕಾಳಿ ಗೊಂಬೆಯನ್ನು ಅವರ ಅಂಗೈಯಲ್ಲಿಟ್ಟಳು. "ಮುಖ ನೋಡಿ ಯಜಮಾನ್ರೆ. ಕಣ್ಣು ಬಿಡಿಸಿಲ್ಲ. ಕಣ್ಣಿಲ್ದೋನು ಬಂದು ಗಾಡಿ ಓಡಿಸ್ಬೇಕಾ?"

"ಕಣ್ಣು ನೀನೇ ಬರಿ."

"ಬರೆದ್ರೆ ಬರೆದಷ್ಟೇ ನೋಡ್ತಾನೆ. ಬೇಡ. ಜಾಗ ಖಾಲಿ ಇರ್ಲಿ."

ಗುರುಪಾದಯ್ಯ ಗೊಂಬೆಯನ್ನು ಜೇಬಿಗೆ ಹಾಕಿಕೊಂಡು ಧುಮುಗುಡುತ್ತ ಹೋದರು. ತೋರಿಸುವ ದಿನ ಗೊತ್ತಾಗಿತ್ತು, ಡಂಗುರವೂ ಆಗಿತ್ತು.

ಆಗ ಬಂತು ನೋಡಿ ಆಪತ್ತು. ಗಾಲಿಗಳನ್ನು ಅಚ್ಚಿಗೆ ಒತ್ತಿ ಕೂರಿಸಿ, ಎರಡೂ ಬದಿಯಲ್ಲಿ ಗಾಲಿಗಳ ಮೈಮೇಲಿನ ಪುಟ್ಟ ಗೂಟಗಳಿಗೆ ಸರಳು ಸಿಕ್ಕಿಸಿ ಆಗಿತ್ತು. ಮೋಟರು ತಿರುಗಿಸುವುದು ಹಿಂದಿನ ಗಾಲಿಯನ್ನು ಮಾತ್ರ. ಹಿಂದಿನ ಗಾಲಿ ಆ ಸರಳಿನಿಂದ ಮುಂದಿನ ಗಾಲಿಗಳನ್ನು ಎಳೆಯಬೇಕು. ಮೋಟರು ಹಚ್ಚಿ ನೋಡುವ ಹಾಗಿರಲಿಲ್ಲ, ಮನೆಯಲ್ಲಿ ನಡೆಸಿದರೂ ಇರುವ ಒಂದೇ ಅವಕಾಶ ಮುಗಿದಂತೆಯೇ. ಅದಕ್ಕೆ ಕಾಳಿ ಎಂಜಿನ್ನನ್ನು ಅಂಗಾತ ಮಲಗಿಸಿ ಹಿಂದಿನ ಗಾಲಿಯನ್ನು ಬೆರಳಲ್ಲಿ ತಿರುಗಿಸಿದಳು. ಚೆನ್ನಾಗಿ ತಿರುಗುತ್ತ ತಿರುಗುತ್ತ, ಸರಳು ಪೂರಾ ಮುಂದಕ್ಕೆ ಚಾಚಿದ ಕಡೆ ಟಕ್ ಎಂದು ಹಿಡಿದುಕೊಂಡಿತು. ಮತ್ತೆ ತಿರುಗಿಸಿದರೆ ಹಿಂದಿನ ಗಾಲಿ ಮುಂದಕ್ಕೆ, ಮುಂದಿನ ಗಾಲಿ ಹಿಂದಕ್ಕೆ. ಸರಳು ಬಿಚ್ಚಿ ಉಜ್ಜಿದಳು, ತೂತು ಅಗಲ ಮಾಡಿದಳು, ಎಣ್ಣೆ ಬಿಟ್ಟಳು. ನಮ್ಮವರು ಅಚ್ಚಿನ ನೇರ ಅಳೆದರು. ಎಲ್ಲ ಸರಿ ಇತ್ತು, ಗಾಲಿ ಮಾತ್ರ ಹಟ ಬಿಡಲಿಲ್ಲ.

"ಎಡ ಹೇಗೋ ಬಲ ಹಾಗೇ ಇದೆ ತಾನೆ?" ಎಂದರು ನಮ್ಮವರು. ನಮ್ಮ ಕಸುಬಿನ ಮೊದಲ ಪಾಠ ಅದು. ಹಿಂದೊಮ್ಮೆ ಯಾರೋ ಊರ ಮಂಟಪದ ಕಿರಿದಿನಲ್ಲಿ ಒಂದು ಬದಿಯ ಕಂಬ ಚೂರು ಗಿಡ್ಡ ಮಾಡಿ, ಇವತ್ತಿಗೂ ಆ ಮಂಟಪದಲ್ಲಿ ಕೂತವರು ಒಂದು ಕಡೆ ಜಾರುತ್ತಾರೆ. ಅಲ್ಲಿಂದ ಕಿರಿದು ಮಾಡುವವರೆಲ್ಲ ಎಡ ಹೇಗೋ ಬಲ ಹಾಗೆ ಎಂದು ಹೇಳಿಕೊಂಡೇ ಸುತ್ತಿಗೆ ಹಿಡಿಯುವುದು. ಹಾಳೆಯ ಚಿತ್ರದಲ್ಲಿ ಕಾಣುತ್ತಿದ್ದುದು ಒಂದೇ ಬದಿ. ಕಾಳಿ ಆ ಬದಿ ಹೇಗಿದೆಯೋ ಈ ಬದಿಯನ್ನೂ ಕೂದಲೆಳೆ ತಪ್ಪದಂತೆ ಹಾಗೆಯೇ ಮಾಡಿದ್ದಳು. "ಹಾಗೇ ಇದೆ ಅಣ್ಣ" ಎಂದಳು. ಅವತ್ತು ಊಟದ ಮುಂದೆ ಕೂತು ಎದ್ದಳೇ ಹೊರತು ತುತ್ತು ಇಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಹಿಟ್ಟು ಮುಗಿದಿತ್ತು. ರೈಲು ಬರಲಿ ಬಿಡಲಿ ಮುದ್ದೆ ಆಗಬೇಕಲ್ಲ. ಅವಳನ್ನು ಎಬ್ಬಿಸಿಕೊಂಡು ಬೀಸಲು ಕೂತೆ. ನಾವಿಬ್ಬರೂ ಯಾವಾಗಲೂ ಎದುರುಬದುರು ಕೂರುವವರು, ಗೂಟಕ್ಕೆ ಇಬ್ಬರದೂ ಒಂದೊಂದು ಕೈ. ಅವತ್ತು ನನ್ನ ಜಾಗದಲ್ಲಿ ಬೆಕ್ಕು ಮರಿ ಹಾಕಿಕೊಂಡು ಮಲಗಿತ್ತು. ಬಾಣಂತಿಯನ್ನು ಎಬ್ಬಿಸಬಾರದು ಎಂದು ನಾನು ಕಾಳಿಯ ಎದುರು ಬಿಟ್ಟು ಮಗ್ಗುಲಿಗೆ, ಮೂಲೆಗೆ ಸರಿದು ಕೂತೆ. ಕಲ್ಲನ್ನು ಹೊಸದಾಗಿ ಕುಟ್ಟಿಸಿದ್ದೆವು. ಎದುರುಬದುರು ಕೂತರೆ ಗೂಟ ಅವಳ ಹತ್ತಿರ ಹೋದಾಗ ಒಮ್ಮೆ, ನನ್ನ ಹತ್ತಿರ ಬಂದಾಗ ಒಮ್ಮೆ ಕಲ್ಲು ಮುಗ್ಗರಿಸುತ್ತಿತ್ತು, ಅಲ್ಲಿ ರಟ್ಟೆ ಬಿಗಿದು ದಬ್ಬಬೇಕಿತ್ತು. ಅವತ್ತು ಮುಗ್ಗರಿಸಲೇ ಇಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತಿರುಗಿತು.

"ಏನೇ ಇದು, ಕಲ್ಲು ಇವತ್ತು ಇಷ್ಟು ಹಗುರ!" ಎಂದೆ.

ಕಾಳಿಯ ಕೈ ನಿಂತಿತು. ನಾನು ಏಳಲು ಹೋದೆ. "ಅತ್ತಿಗೆ, ಏಳ್ಬೇಡ! ಹಂಗೇ ಕೂತ್ಕೊ!" ಎಂದು ಕಿರುಚಿದಳು, ಬೆಕ್ಕು ಬೆಚ್ಚಿ ತಲೆ ಎತ್ತಿತು. ಗೂಟವನ್ನು ತನ್ನ ಹತ್ತಿರಕ್ಕೆ ತಂದು ನಿಲ್ಲಿಸಿದಳು. "ಇಲ್ಲಿ ನನ್ ಕೈಗೆ ಶಕ್ತಿ ಇಲ್ಲ. ಎಳೆದ್ರೂ ಅಷ್ಟೆ, ದಬ್ಬಿದ್ರೂ ಅಷ್ಟೆ. ಈಗ ನೀನು ಎಳಿ." ಎಳೆದೆ, ಬಂತು. ಗೂಟ ನನ್ನ ಮುಂದೆ ಬಂದು ನಿಂತಿತು. "ಈಗ ನಿಂಗೆ ಶಕ್ತಿ ಇಲ್ಲ, ನಾನು ಎಳೀತೀನಿ." ಎಳೆದಳು, ಹೋಯಿತು. "ಒಬ್ರು ಸೋತಾಗ ಇನ್ನೊಬ್ರು ಹಿಡೀತೀವಿ. ಎದುರುಬದುರು ಕೂತ್ರೆ ಇಬ್ರೂ ಒಟ್ಟಿಗೇ ಸೋಲ್ತೀವಿ. ಅತ್ತಿಗೆ, ಎರಡೂ ಬದಿ ಒಂದೇ ಥರ ಇರ್ಬಾರ್ದು. ಬಲಗಡೆ ಗಾಲಿ ಗೂಟ ಕಾಲು ಸುತ್ತು ಮುಂದೆ ಇರ್ಬೇಕು!"

ಹಿಟ್ಟಿನ ಕೈಯಲ್ಲೇ ಓಡಿದಳು. ಗಾಲಿಗಳನ್ನು ಅಚ್ಚಿನಿಂದ ಬಿಡಿಸಿ, ಎಡದ ಗೂಟ ಮೇಲಿದ್ದರೆ ಬಲದ ಗೂಟ ಮುಂದಿರುವಂತೆ ಮತ್ತೆ ಒತ್ತಿದಳು. ನಮ್ಮವರು ಮೊದಲು ಒಪ್ಪಲಿಲ್ಲ. "ನಮ್ಮಪ್ಪ ಬದುಕಿದ್ರೆ ಕೈ ಮುರೀತಿದ್ರು" ಎಂದರು. ಕಾಳಿ ಬೆರಳಲ್ಲಿ ಗಾಲಿ ತಿರುಗಿಸಿ ತೋರಿಸಿದಳು. ಗಾಲಿಗಳೆಲ್ಲ ಒಂದೇ ಮನಸ್ಸಿನಿಂದ ತಿರುಗಿದವು. ನಮ್ಮವರು ಬಹಳ ಹೊತ್ತು ನೋಡಿ, "ಅಪ್ಪ ಇರ್ಬೇಕಿತ್ತು ಕಣೆ" ಎಂದರು. ಮೂಲೆಗೆ ಸರಿದು ಕೂತವಳು ನಾನು ಎಂಬುದನ್ನು ಮಾತ್ರ ಈ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೆ ನಾನೇ ಹೇಳುತ್ತಿದ್ದೇನೆ.

ತೋರಿಸುವ ದಿನ ಪ್ಲಾಟ್‌ಫಾರ್ಮಿನ ಹಪ್ಪಳಗಳೆಲ್ಲ ಎದ್ದವು, ಊರೆಲ್ಲ ಬಂದು ಕೂತಿತು. ನಡುವೆ ದುಂಡಗೆ ಕಿರಿದು ಹಳಿ ಹಾಸಿ, ಅದರ ಮೇಲೆ ಕಾಳಿ ಎಂಜಿನ್ನು ಇಟ್ಟಳು. ಕಪ್ಪು ಮೈ, ಅಂಚಿಗೆ ಕೆಂಪು ಗೆರೆ, ಹಿತ್ತಾಳೆ ಹಿಡಿಗಂಬಿ ಬಿಸಿಲಿಗೆ ಮಿನುಗುತ್ತಿತ್ತು. ಕಾಳಿ ಬ್ಯಾಟರಿಯ ತಂತಿಯನ್ನು ಹಳಿಗೆ ಮುಟ್ಟಿಸಿದಳು. ಎಂಜಿನ್ನು ನಡುಗಿತು, ಹೋಗಲಿಲ್ಲ. ಗುರುಪಾದಯ್ಯ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಮನೆದೇವರಿಂದ ಹಿಡಿದು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕಾಳಿ ಬಗ್ಗಿ, ಹಳಿಗೆ ಅಂಟಿಕೊಂಡಿದ್ದ ಒಂದು ಚೂರು ಸಂಡಿಗೆಯನ್ನು ಉಗುರಿನಿಂದ ಎಬ್ಬಿಸಿ ತೆಗೆದಳು. ಮತ್ತೆ ತಂತಿ ಮುಟ್ಟಿಸಿದಳು.

ಹೊರಟಿತು! ಗಾಲಿ ತಿರುಗಿದವು, ಒಂದು ಬದಿಯ ಸರಳು ಮೇಲಾದರೆ ಇನ್ನೊಂದು ಬದಿಯದು ಮುಂದೆ, ಅದು ಕೆಳಗಾದರೆ ಇದು ಹಿಂದೆ, ಎಲ್ಲೂ ಮುಗ್ಗರಿಸದೆ, ಎಲ್ಲೂ ತೊದಲದೆ. ಒಂದು ಸುತ್ತು ಬಂತು. ಊರು ಹೋ ಎಂದಿತು. ಇನ್ನೊಂದು ಸುತ್ತು, ಮತ್ತೊಂದು. ಗಿರಣಿ ಕೆಮ್ಮಿ ನಿಂತ ದಿನ ಅತ್ತಿದ್ದ ಮುದುಕಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗುರುಪಾದಯ್ಯ ನೆಲಕ್ಕೆ ಬಗ್ಗಿ ಎಂಜಿನ್ನಿನ ಹೊಟ್ಟೆಯ ಕೆಳಗೆ ನೋಡಲು ಹೋಗಿ ರುಮಾಲು ಹಳಿಯ ಮೇಲೆ ಬೀಳಿಸಿಕೊಂಡರು, ಎಂಜಿನ್ನು ಅದನ್ನೂ ಒಂದು ಗೇಣು ತಳ್ಳಿಕೊಂಡು ಹೋಯಿತು. ನಾನು ನಕ್ಕೂ ನಕ್ಕೂ ಅತ್ತೆ.

ಬೆಳಗಾಯಿತು. ಊರಿಗೆ ಊರೇ ನಿಲ್ದಾಣಕ್ಕೆ ಓಡಿತು. ನಿಂತಿತ್ತು ಎಂಜಿನ್ನು, ನಮ್ಮ ಹುಣಿಸೆಮರಕ್ಕಿಂತ ಎತ್ತರ, ಕಪ್ಪಗೆ, ಬಿಸಿಯಾಗಿ, ಉಸಿರಾಡುತ್ತ. ಕಾಳಿ ಸೂಜಿಯಲ್ಲಿ ಒತ್ತಿದ ಮೊಳೆತಲೆಗಳೆಲ್ಲ ಈಗ ಬೋರಲು ಬಟ್ಟಲಿನಷ್ಟಿದ್ದವು. ಕೆಂಪು ಗೆರೆ ಒಂದು ಕಡೆ ಚೂರು ದಪ್ಪಗಾಗಿತ್ತು, ಅಲ್ಲಿ ಅವಳಿಗೆ ಸೀನು ಬಂದಿತ್ತು. ಬೆಂಕಿಗೂಡಿನಲ್ಲಿ ಬೆಂಕಿ ಉರಿಯುತ್ತಿತ್ತು. ಜನ ಮುಟ್ಟಿ ಮುಟ್ಟಿ ನೋಡಿದರು, ಕೈ ಸುಟ್ಟುಕೊಂಡು ಖುಷಿಪಟ್ಟರು. ಓಡಿಸುವ ಜಾಗ ಮಾತ್ರ ಖಾಲಿ.

"ನಾನು ಬಡ್ಕೊಂಡೆ" ಎಂದರು ಗುರುಪಾದಯ್ಯ. "ಈಗ ಓಡ್ಸೋರು ಯಾರು? ಇದನ್ನ ನೋಡ್ಕೊಂಡು ಹಪ್ಪಳ ಒಣಗಿಸ್ಬೇಕಾ?"

ಕಾಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದಳು.

"ಏ ಹುಡುಗಿ, ಇಳಿ ಕೆಳಗೆ! ಅದು ಆಟದ ಸಾಮಾನಲ್ಲ!"

ಆಗ ನಮ್ಮವರು, ಊರ ಮುಂದೆ ಎಂದೂ ದನಿ ಎತ್ತದ ನನ್ನ ಗಂಡ, ಗುಂಪು ಸೀಳಿಕೊಂಡು ಮುಂದೆ ಬಂದರು. "ಯಜಮಾನ್ರೆ, ಅದ್ರಲ್ಲಿರೋ ಒಂದೊಂದು ಕೊಳವೆ, ಒಂದೊಂದು ಹಿಡಿಕೆ ಅವಳು ಕೂರ್ಸಿದ್ದು. ಯಾವುದು ಎಲ್ಲಿಗೆ ಹೋಗುತ್ತೆ ಅಂತ ಅವಳಿಗಲ್ದೆ ಈ ಲೋಕದಲ್ಲಿ ಇನ್ಯಾರಿಗೆ ಗೊತ್ತು? ನಾನು ಮಾಡಿದ್ದಲ್ಲ ಅದು. ನನ್ ತಂಗಿ ಮಾಡಿದ್ದು!"

ಕಾಳಿ ಒಳಗೆ ಹಿಡಿಕೆಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದಳು. ಇದು ನೀರಿಗೆ, ಇದು ಹಬೆಗೆ, ಇದು ಹಿಂದಕ್ಕೆ ಮುಂದಕ್ಕೆ. ಜೀರಿಗೆಯಷ್ಟಿದ್ದವು ಈಗ ಅವಳ ಅಂಗೈ ತುಂಬುತ್ತಿದ್ದವು. ಒಂದನ್ನು ಎಳೆದಳು. ಸೀಟಿ ಕೂಗಿದ ರಭಸಕ್ಕೆ ಊರ ಕಾಗೆಗಳೆಲ್ಲ ಒಟ್ಟಿಗೆ ಎದ್ದವು.

ಗುರುಪಾದಯ್ಯ ಮೇಲೆ ನೋಡಿದರು, ಸುತ್ತ ನೋಡಿದರು, ಆಮೇಲೆ ರುಮಾಲು ಸರಿಮಾಡಿಕೊಂಡು ಮೆಟ್ಟಿಲ ಬಳಿಗೆ ಬಂದರು. "ಕಾಳಮ್ಮಾ" ಎಂದರು. "ನಾನೂ ಬರಬೋದೇನ್ರಮ್ಮಾ?"

"ಬನ್ನಿ ಯಜಮಾನ್ರೆ. ಸಲಿಕೆ ಅಲ್ಲಿದೆ, ಇದ್ದಿಲು ಹಾಕಿ."

ಅವರು ಸಲಿಕೆ ಎತ್ತಿಕೊಂಡರು. ನಾನೂ ಹತ್ತಿದೆ, ನನ್ನ ಹಿಂದೆ ನಮ್ಮವರು. ಕಾಳಿ ಹಬೆಯ ಹಿಡಿಕೆಯನ್ನು ಮೆಲ್ಲನೆ ತನ್ನ ಕಡೆಗೆ ಎಳೆದಳು. ನೆಲ ನಡುಗಿತು. ಊರು ಹಿಂದಕ್ಕೆ ಸರಿಯತೊಡಗಿತು, ಜನ ಕೂಗುತ್ತ ಜೊತೆಗೆ ಓಡಿದರು, ಆಮೇಲೆ ಅವರೂ ಹಿಂದಾದರು. ನಡೆದುಹೋದವರು ಬೇಸರಪಟ್ಟು ತಿರುಗುತ್ತಿದ್ದ ಜಾಗ ಬಂತು. ದಾಟಿಯೇ ಹೋಯಿತು. ಗುಡ್ಡದ ಸಂದಿ ಬಾಯಿ ತೆರೆದು ಹತ್ತಿರವಾಯಿತು. ನಾವು ಮೂವರೂ ಕುತ್ತಿಗೆ ತಿರುಗಿಸಿ, ಕೈಮುಷ್ಟಿಯಷ್ಟಾಗುತ್ತಿದ್ದ ನಮ್ಮೂರನ್ನು ನೋಡಿದೆವು. ಕಾಳಿ ನೋಡಲಿಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ, ರೈಲು ಓಡಿಸುತ್ತಿದ್ದಳು.